ಮೆಲೆರಿ ಯಾವ ಊರಿನವಳು

ಮೆಲೆರಿ ಪ್ಯೂ ಗಲೀಸಿಯಾದ ಲೂಗೋ ಪಟ್ಟಣದಲ್ಲಿ ಬಸ್ಸಿಳಿದದ್ದು ಒಂದು ಸೆಪ್ಟೆಂಬರಿನಲ್ಲಿ. ಸ್ಪೇನಿನಲ್ಲಿ ಇನ್ನೂ ಪೆಸೆಟಾ ನಾಣ್ಯ ಓಡಾಡುತ್ತಿದ್ದ ಕಾಲ. ವಯಸ್ಸು ನಲವತ್ತು ದಾಟಿತ್ತು. ವೇಲ್ಸ್‌ನ ತನ್ನ ಊರಿನ ಹಾಲಿನ ಡೇರಿಯಲ್ಲಿ ಹುಡುಗಿಯಾಗಿದ್ದಾಗಿಂದ ಗುಮಾಸ್ತೆಯಾಗಿದ್ದವಳು. ಡೇರಿಗೆ ಬೀಗ ಬಿತ್ತು. ಮದುವೆಯಾಗಿರಲಿಲ್ಲ, ತನ್ನವನು ಅಂತ ಇದ್ದದ್ದು ಅಣ್ಣ ಗ್ವಿಲಿಮ್ ಒಬ್ಬನೇ. ಪರದೇಶದವರಿಗೆ ಇಂಗ್ಲಿಷ್ ಕಲಿಸುವ ಒಂದು ತಿಂಗಳ ತರಬೇತಿಯನ್ನು ಕಾರ್ಡಿಫ್‌ನಲ್ಲಿ ಮುಗಿಸಿದಳು. “ಮ್ಯಾಡ್ರಿಡ್ ಕಡೆ ಹೋದರೆ ಕಾಲೇಜು ಮುಗಿಸಿದ ಹುಡುಗರ ಸಂತೆ. ನೀವು ಸ್ಪೇನಿನ ಆ ಮೂಲೆಗೆ, ಗಲೀಸಿಯಾಕ್ಕೆ ಹೋಗಿ. ಅಲ್ಲಿ ಮಳೆ ಜಾಸ್ತಿ ಅಂತ ಯಾರೂ ಕಾಲಿಡಲ್ಲ,” ಎಂದರು ತರಬೇತಿಯವರು. ಮಳೆ ಅವಳಿಗೆ ಹೊಸದೇನಲ್ಲ. ಕ್ಯಾಸೆಟ್ ಕೇಳಿ ಕಲಿತ ಅಷ್ಟಿಷ್ಟು ಸ್ಪ್ಯಾನಿಷ್ ನಂಬಿಕೊಂಡು ಹೊರಟಳು.

ಇಂಗ್ಲಿಷ್ ಟ್ಯೂಷನ್ ಸಂಸ್ಥೆಗಳು ಮೇಷ್ಟರನ್ನು ಗೊತ್ತುಮಾಡಿಕೊಳ್ಳುವುದು ಸೆಪ್ಟೆಂಬರಿನಲ್ಲೇ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಲೆರಿ ಒಂದೊಂದೇ ಮೆಟ್ಟಿಲು ಹತ್ತಿದಳು. ಮೊದಲನೆಯ ಕಡೆ, ಬಿಗಿಯಾಗಿ ಟೈ ಕಟ್ಟಿದ್ದ ಯಜಮಾನ ಅವಳ ಅರ್ಜಿ ಓದಿ ತಲೆದೂಗಿದ.

“ಲಂಡನ್ನಿನವರಾ?”

“ಅಲ್ಲ ಸರ್, ವೇಲ್ಸ್.”

“ಎಲ್ಲಾ ಒಂದೇ ಬಿಡಿ. ಮನೆಮಾತು ಇಂಗ್ಲಿಷೇ ತಾನೆ?”

ಹೂಂ ಅಂದುಬಿಟ್ಟಿದ್ದರೆ ಮುಗಿದಿತ್ತು. “ಮನೆಯಲ್ಲಿ ವೆಲ್ಶ್ ಆಡ್ತೀವಿ. ಇಂಗ್ಲಿಷ್ ಶಾಲೆಗೆ ಹೋದಮೇಲೆ ಬಂದದ್ದು,” ಎಂದಳು.

ಆತ ಪೆನ್ನು ಕೆಳಗಿಟ್ಟ. “ಅಯ್ಯೋ, ಹಾಗಾದ್ರೆ ನೀವೂ ನಮ್ಮ ಥರಾನೇ ಕಲಿತವರು! ಬೇಜಾರು ಮಾಡ್ಕೋಬೇಡಿ. ಮಕ್ಕಳ ತಂದೆತಾಯಿ ದುಡ್ಡು ಕೊಡೋದು ಹುಟ್ಟಾ ಇಂಗ್ಲಿಷಿನವರಿಗೆ.”

ಎರಡನೆಯ ಕಡೆಯೂ ಇದೇ ಪ್ರಶ್ನೆ, ಇದೇ ಉತ್ತರ. ಮೂರನೆಯ ಕಡೆ ಬಾಗಿಲಿನಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದರು.

ಅವಳು ಬಾಡಿಗೆಗಿದ್ದದ್ದು ಎರುಂದಿನಾ ಎಂಬ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿ. ಎರುಂದಿನಾ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಸ್ಪ್ಯಾನಿಷ್ ಆಡುವಳು. ಅಡುಗೆಮನೆಗೆ ಬಂದರೆ ಗಲೀಸಿಯಾದ ತನ್ನದೇ ಮಾತು. ನಡೆದದ್ದನ್ನೆಲ್ಲ ಕೇಳಿ ಅವಳು ಸೌಟು ಹಿಡಿದೇ ತಿರುಗಿದಳು.

“ಏನ್ ಹುಡುಗೀನೇ ನೀನು! ಪಾದ್ರಿ ಮುಂದೆ ನಿಂತಿದ್ಯಾ ನಿಜ ಹೇಳೋಕೆ? ಇಂಗ್ಲೆಂಡು ಅಂತ ಅಂದುಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಸುಳ್ಳು ಹೇಳೋಕೆ ನಾಲಿಗೆ ಬರಲಿಲ್ಲ, ದೋನಾ ಎರುಂದಿನಾ.”

“ಹಸಿವಾದ್ರೆ ಬರತ್ತೆ. ಕೂತ್ಕೋ, ಸೂಪು ಆರತ್ತೆ.”

ಎಲೆಕೋಸು, ಆಲೂಗಡ್ಡೆ, ಬಿಳಿ ಹುರುಳಿಕಾಯಿ ಬೀಜ ಹಾಕಿದ ಸೂಪು. ಮೆಲೆರಿ ತಲೆತಗ್ಗಿಸಿಕೊಂಡು ಉಂಡಳು. ತಿಂಗಳು ಮುಗಿಯುವ ಹೊತ್ತಿಗೆ ನಾಲಿಗೆ ಬಂತು. ಪಿಲಾರ್ ಲೋಸಾದಾ ಎಂಬಾಕೆಯ ಸಂಸ್ಥೆಯಲ್ಲಿ, ಕೇಳುವ ಮೊದಲೇ “ಇಂಗ್ಲೆಂಡ್, ಚೆಸ್ಟರ್ ಊರು” ಎಂದಳು. ಸೋಮವಾರದಿಂದ ಬರಲು ಹೇಳಿದರು. “ಮೆಲೆರಿ ಅನ್ನೋದು ಮಕ್ಕಳ ಬಾಯಲ್ಲಿ ಹೊರಳಲ್ಲ. ಮಿಸ್ ಮೇರಿ ಅಂತ ಇರಲಿ,” ಎಂದಳು ಪಿಲಾರ್.

ಮಿಸ್ ಮೇರಿಗೆ ಪಾಠ ಒಗ್ಗಿತು. ತಾನೂ ಕಲಿತೇ ಇಂಗ್ಲಿಷ್ ಆಡಿದವಳಾದ್ದರಿಂದ ಮಕ್ಕಳು ಎಲ್ಲಿ ಎಡವುತ್ತಾರೆಂದು ಅವಳಿಗೆ ಗೊತ್ತಿತ್ತು. ಆದರೆ ಸಂಜೆ ಊರ ಕೋಟೆಗೋಡೆಯ ಮೇಲೆ ಎಲ್ಲರಂತೆ ಒಂದು ಸುತ್ತು ಹಾಕುವಾಗ ಬಾಯಿ ದಣಿದಿರುತ್ತಿತ್ತು. ದಿನವೆಲ್ಲ ಒಂದು ಎರವಲು ಮಾತು, ಅಂಗಡಿಯಲ್ಲಿ ಇನ್ನೊಂದು. ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ: ಯಾರಾದರೂ ತನ್ನ ಮಾತಿನಲ್ಲಿ ಬಾಗಿಲು ಹಾಕು ಅನ್ನಬೇಕು, ಶನಿ ಮುಂಡೇದೆ ಅಂತ ಬೈಯಬೇಕು. ಭಾನುವಾರ ಫೋನಿನ ಗೂಡಿನಿಂದ ಅಣ್ಣನನ್ನು ಮಾತಾಡಿಸುವಳು. ಗ್ವಿಲಿಮ್‌ಗೆ ಫೋನೆಂದರೆ ಮೊದಲಿಂದಲೂ ಸಂಕೋಚ. “ಹೂಂ. ಕುರಿಗಳು ಚೆನ್ನಾಗಿವೆ. ಗಾಳಿ ಜೋರು. ಆಯ್ತಾ ಇಡ್ಲಾ?” ಅಷ್ಟನ್ನೇ ಅವಳು ವಾರವಿಡೀ ಮೆಲುಕು ಹಾಕುವಳು.

ಒಂದು ಭಾನುವಾರ ಫೋನು ಯಾರೂ ಎತ್ತಲಿಲ್ಲ. ಮನೆಗೆ ಬಂದಾಗ ಎರುಂದಿನಾ ಚೆಸ್ಟ್‌ನಟ್ ಕಾಯಿ ಸುಲಿಯುತ್ತಿದ್ದಳು. ಮೆಲೆರಿಯ ಮುಖ ನೋಡಿದಳು.

“ನಿಮ್ಮ ಮಾತು ಹೇಗಿರತ್ತೆ? ಒಂದಿಷ್ಟು ಆಡು, ಕೇಳೋಣ.”

“ನಿಮಗೆ ತಿಳಿಯಲ್ಲ.”

“ತಿಳೀಲಿ ಬಿಡಲಿ. ಕಿವಿ ನಂದು.”

ಮೆಲೆರಿ ಶುರುಮಾಡಿದಳು. ಮೊದಲು ತಾನು ಕೂತಿದ್ದ ಬೆಂಚಿನ ಬಗ್ಗೆ, ಎದುರಿನ ಒಲೆಯ ಬಗ್ಗೆ. ಆಮೇಲೆ ಅಮ್ಮ ಕೋಳಿಗಳನ್ನು ಕರೆಯುತ್ತಿದ್ದ ರೀತಿ, ಡೇರಿಯ ಕಡೆಯ ದಿನ ಯಾರೂ ಯಾರ ಮುಖವನ್ನೂ ನೋಡದೆ ಹೊರಟದ್ದು, ಫೋನೆತ್ತದ ಅಣ್ಣ, ಎಲ್ಲವೂ ಬಂತು. ಕಟ್ಟೆ ಒಡೆದ ಹಾಗೆ. ನಿಲ್ಲಿಸಿದಾಗ ಕೆನ್ನೆ ಒದ್ದೆಯಾಗಿತ್ತು.

“ಒಂದಕ್ಷರ ತಿಳೀಲಿಲ್ಲ. ಕೊನೇಲಿ ಯಾರಿಗೋ ಚೆನ್ನಾಗಿ ಬೈದೆ, ಅದು ತಿಳೀತು,” ಎಂದಳು ಎರುಂದಿನಾ. ಮೆಲೆರಿಗೆ ಅಳುವಿನಲ್ಲೇ ನಗು ಬಂತು. ಮುದುಕಿ ಇನ್ನೊಂದು ಕಾಯಿ ಸುಲಿದು, “ಶಾಲೇಲಿ ನಮ್ಮ ಮಾತಾಡಿದ್ದಕ್ಕೆ ಬೆತ್ತದ ಏಟು ತಿಂದವಳು ನಾನು. ನನ್ನ ಮಗ ಬಾರ್ಸಿಲೋನಾದಿಂದ ಫೋನ್ ಮಾಡಿದ್ರೆ ಸ್ಪ್ಯಾನಿಷ್ಷಲ್ಲೇ ಮಾತಾಡ್ತಾನೆ. ಬ್ಯಾಂಕಿನವನ ಹಾಗೆ,” ಎಂದಳು. ಅಂದಿನಿಂದ ಅವರಿಬ್ಬರೂ ಅಡುಗೆಮನೆಯಲ್ಲಿ ಕೆಲವು ಸಲ ಅವರವರ ಮಾತನ್ನು ಅವರವರು ಆಡಿಕೊಂಡು ಕೂರುತ್ತಿದ್ದರು.

ಚಳಿಗಾಲ ಮುಗಿಯುವ ಹೊತ್ತಿಗೆ ತರಗತಿಯಲ್ಲಿ ಒಬ್ಬ ಹುಡುಗಿ, “ಮಿಸ್, ಚೆಸ್ಟರಲ್ಲಿ ನಿಮ್ಮ ಮನೆ ಹೇಗಿದೆ?” ಎಂದು ಕೇಳಿದಳು. ಮೆಲೆರಿ ಮತ್ತೆ ಸುಳ್ಳು ಹೇಳಹೊರಟಳು, ಆಗಲಿಲ್ಲ. ಹಲಗೆಯ ಮೇಲೆ ತನ್ನ ನಾಡಿನ ನಕ್ಷೆ ಬರೆದು, ತನ್ನ ನಿಜವಾದ ಹೆಸರು ಬರೆದು, ಓದಿಸಿದಳು. ಹೆಸರು ಮಕ್ಕಳ ಬಾಯಲ್ಲಿ ಸಲೀಸಾಗಿಯೇ ಹೊರಳಿತು.

ಸುದ್ದಿ ಮರುದಿನವೇ ಪಿಲಾರ್‌ಗೆ ತಲುಪಿತು. “ಮಕ್ಕಳ ಮನೆಯವರು ಬಂದು ಕೇಳ್ತಾರೆ. ನಾನೇನು ಹೇಳಲಿ? ವರ್ಷದ ನಡುವೆ ಇನ್ನೊಬ್ಬರನ್ನ ಎಲ್ಲಿಂದ ತರಲಿ?” ಎಂದು ಗೊಣಗಿ ಸುಮ್ಮನಾದಳು. ಜೂನ್‌ನಲ್ಲಿ ಮಾತ್ರ, “ಮುಂದಿನ ವರ್ಷಕ್ಕೆ ಬೇರೆಯವರನ್ನ ನೋಡಿದೀವಿ,” ಎಂದಳು. ಮೆಲೆರಿ ಊರಿಗೆ ಟಿಕೆಟ್ ತೆಗೆಸಿದಳು.

ಬೇಸಿಗೆಯಿಡೀ ಅಣ್ಣನ ಮನೆಯಲ್ಲಿದ್ದಳು. ಹೊಟ್ಟೆತುಂಬ ಮಾತಾಡಿದಳು, ಅಂಗಡಿಯಲ್ಲಿ, ಚರ್ಚಿನ ಅಂಗಳದಲ್ಲಿ, ಸಿಕ್ಕವರೊಡನೆಲ್ಲ. ಆದರೂ ಸಂಜೆ ಹೊತ್ತು ಎರುಂದಿನಾಳ ಒಲೆ ನೆನಪಾಗಿ, ಮುದುಕಿಗೆ ಈ ಮಾತು ಹೇಳಬೇಕಿತ್ತಲ್ಲ ಅನ್ನಿಸುತ್ತಿತ್ತು. ಆಗಸ್ಟ್ ಕೊನೆಗೆ ಲೂಗೋಗೆ ಮರಳಲು ಪೆಟ್ಟಿಗೆ ಕಟ್ಟಿದಳು. ಗ್ವಿಲಿಮ್ ತನ್ನ ಕುರಿ ಸಾಗಿಸುವ ಗಾಡಿಯಲ್ಲೇ ಸ್ಟೇಷನ್ನಿಗೆ ಬಿಟ್ಟ.

“ಕೆಲಸ ಸಿಕ್ಕಿದೆಯಾ ಅಲ್ಲಿ?”

“ಇಲ್ಲ. ಹೋಗಿ ಹುಡುಕಬೇಕು.”

“ಮತ್ಯಾಕೆ ಹೋಗ್ತೀಯೆ?”

ಅಷ್ಟರಲ್ಲಿ ರೈಲು ಬಂತು. ಅಣ್ಣ ಪೆಟ್ಟಿಗೆಯನ್ನು ಎತ್ತಿ ಒಳಗಿಟ್ಟು, ತೊಟ್ಟಿದ್ದ ಟೋಪಿಯನ್ನು ಬೀಳ್ಕೊಡಲೆಂದು ಒಂದು ಸಲ ತೆಗೆದು ಮತ್ತೆ ಹಾಕಿಕೊಂಡ.