ಎಂಟು ಮಂದಿ ಆಡಿದ ಸಂಜೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ವರ್ಷಗಳಲ್ಲಿ ನಾನು ದಿನಚರಿ ಬರೆಯುತ್ತಿದ್ದೆ, ಅದು ಈಗಲೂ ನನ್ನ ಬಳಿ ಇದೆ. ಆದರೆ ದಿನಚರಿಗೂ ನನ್ನ ನೆನಪಿಗೂ ಎಲ್ಲ ಕಡೆ ತಾಳೆಯಾಗುವುದಿಲ್ಲ. ನನ್ನ ನೆನಪಿನಲ್ಲಿ ಆ ದಿನ ಮಳೆಯೇ ಇಲ್ಲ. ದಿನಚರಿಯಲ್ಲಿ ಮಧ್ಯಾಹ್ನ ಮಳೆ ಸುರಿದು ನಿಂತಿದೆ. ಇಂಥ ಕಡೆಗಳಲ್ಲೆಲ್ಲ ದಿನಚರಿಯನ್ನೇ ನಂಬಿದ್ದೇನೆ. ಒಂದು ಕಡೆ ಮಾತ್ರ ಯಾವುದನ್ನು ನಂಬಬೇಕೋ ಇನ್ನೂ ತಿಳಿದಿಲ್ಲ.

ನಾನಾಗ ಸ್ವೀಡನ್ನಿನ ಉಪ್ಸಾಲಾದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ, ಅಣ್ಣನ ಎರಡು ಕೋಣೆಯ ಮನೆಯಲ್ಲಿ ಇರುತ್ತಿದ್ದೆ. ಅಣ್ಣ ನನಗಿಂತ ಮೊದಲೇ ಅಲ್ಲಿಗೆ ಬಂದು, ಔಷಧ ತಯಾರಿಕೆಯ ಯಂತ್ರಗಳ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದ. ಹುಬ್ಬಳ್ಳಿಯಲ್ಲಿ ಲೀಗ್ ಕ್ರಿಕೆಟ್ ಆಡಿದವನು ಅವನು. ಮನೆಯ ಹತ್ತಿರ ಕ್ರಿಕೆಟ್ ಇರಲಿಲ್ಲ, ಬೇಸ್‌ಬಾಲ್ ಇತ್ತು, ಸೇರಿಕೊಂಡ. ಮೊದಲ ವರ್ಷ ಚೆಂಡು ಹೊಡೆದ ಮೇಲೆ ಬ್ಯಾಟನ್ನು ಅಲ್ಲೇ ಬಿಟ್ಟು ಓಡುವ ಬದಲು, ಕ್ರಿಕೆಟ್ಟಿನ ಹಾಗೆ ಹಿಡಿದುಕೊಂಡೇ ಓಡಿ, ಕಾಲಿನಿಂದ ಮುಟ್ಟಬೇಕಾದ ಬೇಸಿನ ಹತ್ತಿರ ಬಗ್ಗಿ ಬ್ಯಾಟಿನ ತುದಿಯನ್ನು ನೆಲಕ್ಕೆ ಉಜ್ಜುತ್ತಿದ್ದನಂತೆ. ತಂಡದವರು ಅದನ್ನು ನನಗೆ ನಟಿಸಿ ತೋರಿಸಿ ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ.

ನಾನು ಹೇಳುತ್ತಿರುವ ವಸಂತದ ಹೊತ್ತಿಗೆ ಅವನು ನಗುವುದು ಕಡಿಮೆಯಾಗಿತ್ತು. ಹಿಂದಿನ ಶರತ್ಕಾಲದಲ್ಲಿ ಕಂಪನಿ ಅವನ ವಿಭಾಗವನ್ನು ಮುಚ್ಚಿತ್ತು. ಚಳಿಗಾಲ ಪೂರ್ತಿ ಅವನು ಸೋಫಾದ ಮೇಲೆ, ದೀಪ ಹಾಕದೆ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಊರು. ನಾನು ಲ್ಯಾಬಿನಿಂದ ಬಂದು ಸ್ವಿಚ್ ಒತ್ತಿದಾಗ ಅವನು ಬೆಳಗ್ಗೆ ಕೂತ ಭಂಗಿಯಲ್ಲೇ ಇರುತ್ತಿದ್ದ. ಊಟ ಮಾಡಿದೆಯಾ ಎಂದರೆ ಹ್ಞೂಂ, ಅರ್ಜಿ ಹಾಕಿದೆಯಾ ಎಂದರೆ ಹ್ಞೂಂ. ತಾನಾಗಿ ಆಡುತ್ತಿದ್ದದ್ದು ಒಂದೇ ಮಾತು: ಏಪ್ರಿಲ್ ಬರಲಿ, ಮ್ಯಾಚ್ ಶುರುವಾಗುತ್ತವೆ. ನಾನೂ ಏಪ್ರಿಲ್‌ಗಾಗಿ ಕಾಯತೊಡಗಿದೆ. ನಾನು ಆ ತಂಡದ ಅಭಿಮಾನಿಯಾದದ್ದು ಹೀಗೆ. ಆಟದ ಮೇಲಿನ ಪ್ರೀತಿಯಿಂದ ಅಲ್ಲ.

ಏಪ್ರಿಲ್ ಬಂತು, ನಾವು ಸೋತೆವು. ಒಂದೇ ಭಾನುವಾರ ಎರಡೆರಡು ಪಂದ್ಯ ಇರುತ್ತಿದ್ದವು, ಹಾಗಾಗಿ ಸೋಲೂ ಜೋಡಿಯಾಗಿ ಬರುತ್ತಿತ್ತು. ಮೊದಲ ಜೋಡಿಗೆ ನಾನು ನೆಲವನ್ನು ದೂರಿದೆ. ಮರಗಳ ಬುಡದಲ್ಲಿ ಇನ್ನೂ ಹಿಮ ಇತ್ತು, ಚೆಂಡು ಪುಟಿಯುತ್ತಲೇ ಇರಲಿಲ್ಲ. ಎರಡನೆಯ ಜೋಡಿಗೆ ಗಾಳಿಯನ್ನು ದೂರಿದೆ. ಪ್ರೇಕ್ಷಕರ ಬೆಂಚಿನಲ್ಲಿ ನನ್ನನ್ನೂ ಸೇರಿಸಿ ನಾಲ್ಕೈದು ಜನ. ಸೀಸನ್ ನಿಧಾನಕ್ಕೆ ಶುರುವಾಗಿದೆ ಅಷ್ಟೇ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು, ಆಸ್ಪತ್ರೆಯ ವರಾಂಡದಲ್ಲಿ ಮಾತಾಡುವ ದನಿಯಲ್ಲಿ. ನಾಲ್ಕನೆಯ ಸೋಲಿನ ನಂತರದ ಫಿಕಾದಲ್ಲಿ, ಎಲ್ಲರೂ ಕಾಫಿಯ ಜೊತೆ ದಾಲ್ಚಿನ್ನಿ ಬನ್ನು ತಿನ್ನುತ್ತಿದ್ದಾಗ, ಕ್ಲಬ್ಬಿನ ಅಧ್ಯಕ್ಷೆ ಶಾಂತವಾಗಿ ಒಂದು ವಿಷಯ ತಿಳಿಸಿದರು. ಮುಂದಿನ ಭಾನುವಾರವೂ ಒಂದು ಗೆಲುವಿಲ್ಲದಿದ್ದರೆ ತಂಡವನ್ನು ಲೀಗಿನಿಂದ ಹಿಂತೆಗೆದುಕೊಂಡು ಮೈದಾನವನ್ನು ಕೊಮ್ಮೂನಿಗೆ, ಅಂದರೆ ನಗರಾಡಳಿತಕ್ಕೆ, ಬಿಟ್ಟುಕೊಡುವುದು. ಫುಟ್‌ಬಾಲಿನವರು ಕೇಳುತ್ತಿದ್ದಾರೆ, ನಮ್ಮಲ್ಲಿ ಬರುವವರೂ ಕಡಿಮೆಯಾಗಿದ್ದಾರೆ ಎಂದರು. ಅಣ್ಣ ಬನ್ನನ್ನು ಅರ್ಧಕ್ಕೇ ಬಿಟ್ಟ. ನನ್ನ ಕಣ್ಣ ಮುಂದೆ ಆ ಸೋಫಾ ಬಂತು.

ಬರುವವರು ಕಡಿಮೆಯಾದದ್ದು ನಿಜ. ಮೈದಾನದ ಹಿಂಭಾಗದ ಬಲ ಮೂಲೆಯಲ್ಲಿ, ಬರ್ಚ್ ಮರಗಳ ಸಾಲಿನ ಮುಂದೆ, ಹಿಂದಿನ ವರ್ಷದವರೆಗೂ ಒಬ್ಬ ನಿವೃತ್ತ ಬಸ್ ಚಾಲಕರು ಫೀಲ್ಡಿಂಗಿಗೆ ನಿಲ್ಲುತ್ತಿದ್ದರು. ಎತ್ತರದ, ಮಾತಿಲ್ಲದ ಮನುಷ್ಯ. ಚೆಂಡು ತನ್ನ ಕಡೆ ಬರುತ್ತಿದ್ದರೆ ಬೇರೆಯವರ ಹಾಗೆ ಕೂಗುತ್ತಿರಲಿಲ್ಲ, ಚರ್ಮದ ಗ್ಲೌಸಿಗೆ ಮುಷ್ಟಿಯಿಂದ ಎರಡು ಸಲ ಗುದ್ದುತ್ತಿದ್ದರು. ಆ ವಸಂತದಲ್ಲಿ ಅವರು ಬರಲಿಲ್ಲ. ಅವರು ಚಳಿಗಾಲದಲ್ಲಿ ತೀರಿಕೊಂಡರು ಎಂದೇ ನಾನು ಬಹಳ ದಿನ ನಂಬಿದ್ದೆ. ದಿನಚರಿ ತೆಗೆದು ನೋಡಿದರೆ ಅಲ್ಲಿರುವುದು ಇಷ್ಟೇ: ‘ಬಲಗಡೆಯವರು ಈ ವರ್ಷ ಇಲ್ಲ.’ ಸತ್ತರೆಂದು ಹೇಳಿದವರು ಯಾರು? ನನಗೆ ಒಬ್ಬರ ಮುಖವೂ ನೆನಪಾಗುವುದಿಲ್ಲ. ಅವರ ಗ್ಲೌಸು ಸಾಮಾನಿನ ಶೆಡ್ಡಿನ ಮೊಳೆಯಲ್ಲಿ ಹಾಗೇ ತೂಗುತ್ತಿತ್ತು. ಯಾರೂ ಅದನ್ನು ತೆಗೆಯಲಿಲ್ಲ.

ನನ್ನ ಕೆಲಸ ಸ್ಕೋರ್ ಬರೆಯುವುದು. ಅದು ನನಗೆ ಅಪ್ಪನಿಂದ ಬಂದದ್ದು. ಅಪ್ಪ ವಾರವೆಲ್ಲ ಕಚೇರಿಯಲ್ಲಿ ಗುಮಾಸ್ತರು, ಭಾನುವಾರ ಮೈದಾನದಲ್ಲಿ ಸ್ಕೋರರ್. ಅಣ್ಣ ಆಡುವಾಗ ನಾನು ಅಪ್ಪನ ಪಕ್ಕ ಕೂತು ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದೆ. ಕ್ರಿಕೆಟ್ಟಿನಲ್ಲಿ ಅಂಪೈರ್ ಏನೇ ಸನ್ನೆ ಮಾಡಿದರೂ ಸ್ಕೋರರ್ ಕೈ ಎತ್ತಿ, ‘ನಿಮ್ಮ ಸನ್ನೆ ತಲುಪಿತು’ ಎಂದು ತೋರಿಸಬೇಕು. ಅಪ್ಪನ ಕೈಯಲ್ಲಿ ಪೆನ್ಸಿಲ್ ಇದ್ದರೆ ನಾನೇ ಎತ್ತುತ್ತಿದ್ದೆ. ಅಪ್ಪ ನನಗೆ ಕಲಿಸಿದ ನಿಯಮ ಒಂದೇ. “ಕಣ್ಣಿಗೆ ಕಂಡದ್ದಷ್ಟ ಬರಿ. ಕಿವೀಗೆ ಕೇಳಿದ್ದು ಬರೀಬ್ಯಾಡ,” ಎನ್ನುತ್ತಿದ್ದರು.

ಬೇಸ್‌ಬಾಲಿನ ಪುಸ್ತಕದಲ್ಲಿ ಆಟಗಾರ ನಿಲ್ಲುವ ಪ್ರತಿ ಜಾಗಕ್ಕೂ ಒಂದು ಅಂಕಿ. ಅಣ್ಣ ನಿಲ್ಲುತ್ತಿದ್ದ ಮೊದಲ ಬೇಸ್ ಮೂರು. ಹಿಂಭಾಗದ ನಡುವೆ ನಿಲ್ಲುವವನು ಎಂಟು. ಬಲ ಮೂಲೆ ಒಂಬತ್ತು. ಕ್ಯಾಚ್ ಹಿಡಿದವರ ಅಂಕಿಯನ್ನು ಚೌಕದೊಳಗೆ ಬರೆದರೆ ಮುಗಿಯಿತು.

ಆ ಭಾನುವಾರ ಮೊದಲ ಪಂದ್ಯ ಸೋತೆವು. ಐದಾಯಿತು. ನಮ್ಮ ಒಂಬತ್ತು ಜನರಲ್ಲಿ ಒಬ್ಬಳು ನರ್ಸು. ದೂರದ ಫ್ಲೆಮಿಂಗ್ಸ್‌ಬೆರ್ಯ್‌ನ ಆಸ್ಪತ್ರೆಯಲ್ಲಿ ಅವಳಿಗೆ ರಾತ್ರಿ ಪಾಳಿ ಇತ್ತು. ಕ್ಷಮೆ ಕೇಳಿ ರೈಲಿಗೆ ಓಡಿದಳು. ನಮ್ಮ ಕೆಳದರ್ಜೆಯ ಲೀಗಿನಲ್ಲಿ ಎಂಟು ಜನರಿದ್ದರೂ ಆಡಲು ಬಿಡುತ್ತಿದ್ದರು. ಬಲ ಮೂಲೆಯನ್ನು ಖಾಲಿ ಬಿಟ್ಟು ಎರಡನೆಯ ಪಂದ್ಯಕ್ಕೆ ಇಳಿದರು.

ಅದೇಕೋ ಆ ಪಂದ್ಯ ಚೆನ್ನಾಗಿ ಹೋಯಿತು. ಮಳೆ ನಿಂತ ನೆಲದಿಂದ ಹಬೆಯಂತೆ ಮಂಜು ಏಳುತ್ತಿತ್ತು. ಸಂಜೆ ಆರು ದಾಟಿದ್ದರೂ ಬೆಳಕು ಹೋಗಿರಲಿಲ್ಲ. ಮಂಜಿನೊಳಗೇ ಬೆಳಕಿರುವ ಹಾಗೆ ಎಲ್ಲ ಬೆಳ್ಳಗಿತ್ತು. ಮೊದಲು ಬರ್ಚ್ ಮರಗಳು ಹೋದವು. ಆಮೇಲೆ ಬೇಲಿ. ಆಮೇಲೆ ಹಿಂಭಾಗದಲ್ಲಿ ನಿಂತಿದ್ದ ನಮ್ಮ ಇಬ್ಬರು ಹೋದರು. ಅಂಪೈರ್ ಒಬ್ಬರೇ ಇದ್ದರು. ನಿಲ್ಲಿಸೋಣವೇ ಎಂದು ಎರಡೂ ತಂಡಗಳನ್ನು ಕೇಳಿದರು. ಕೊನೆಯ ಸರದಿ, ಎದುರಾಳಿಗಳದ್ದು ಎರಡು ಔಟ್ ಆಗಿದೆ, ಇನ್ನೊಂದಾದರೆ ಪಂದ್ಯ ಮುಗಿಯಿತು, ನಾವು ಒಂದು ರನ್ ಮುಂದೆ. ಮುಗಿಸಿಬಿಡೋಣ ಎಂದರು ಎಲ್ಲರೂ. ಎದುರಾಳಿಗಳ ಇಬ್ಬರು ಬೇಸುಗಳ ಮೇಲೆ ಕಾಯುತ್ತಿದ್ದರು. ಒಂದು ಒಳ್ಳೆಯ ಹೊಡೆತ ಬಿದ್ದರೆ ಇಬ್ಬರೂ ಬಂದು ನಾವು ಸೋಲುತ್ತೇವೆ.

ಹೊಡೆತ ಬಿತ್ತು. ಚೆಂಡು ಎತ್ತರಕ್ಕೆ, ಬಲಗಡೆಗೆ ಹೋಯಿತು. ಅಣ್ಣ ತಿರುಗಿ ಅದರ ಹಿಂದೆ ಓಡಿದ. ನಾಲ್ಕು ಹೆಜ್ಜೆಗೆ ಅವನೂ ಬೆಳ್ಳಗಾಗಿ ಕಾಣದಾದ.

ಆಗ ಎರಡು ಗುದ್ದು ಕೇಳಿಸಿದವು. ಚರ್ಮದ ಮೇಲೆ ಮುಷ್ಟಿಯ ಗುದ್ದು. ಒಂದು ಉಸಿರಿನಷ್ಟು ಹೊತ್ತು ಏನಿಲ್ಲ. ಆಮೇಲೆ ಚೆಂಡು ಗ್ಲೌಸಿಗೆ ಬಿದ್ದ ಸದ್ದು.

ಮಂಜಿನಿಂದ ಅಣ್ಣ ಹೊರಗೆ ಬಂದ, ಗ್ಲೌಸನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ, ಅದರಲ್ಲಿ ಚೆಂಡಿತ್ತು. ಅಂಪೈರ್ ಅರೆಮನಸ್ಸಿನಿಂದ ಮುಷ್ಟಿ ಎತ್ತಿ ಔಟ್ ಎಂದು ತೋರಿಸಿದರು, ಎತ್ತಿದ ಮುಷ್ಟಿಯನ್ನು ಇಳಿಸದೆ ನನ್ನ ಮೇಜಿನ ಕಡೆ ತಿರುಗಿದರು. ನಾನು ಕೈ ಎತ್ತಿದೆ.

ಎದುರು ತಂಡದ ತರಬೇತುದಾರ ತಕರಾರು ತೆಗೆದ. ಯಾರು ಹಿಡಿದದ್ದು, ಯಾರಿಗೆ ಕಂಡಿತು ಎಂದು ಕೇಳಿದ. ಅಂಪೈರ್ ಸ್ವೀಡಿಷ್‌ನಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: ಸ್ಕೋರ್ ಬರೆಯುವವರು ನೋಡಿದ್ದಾರೆ. ಆ ಆಟದಲ್ಲಿ ಸ್ಕೋರರ್ ಕೈ ಎತ್ತುವ ಪದ್ಧತಿಯೇ ಇಲ್ಲ. ನನ್ನ ಎತ್ತಿದ ಕೈಯನ್ನು ಅವರು ಸಾಕ್ಷಿ ಎಂದುಕೊಂಡಿದ್ದರು. ಎದ್ದು ಹೋಗಿ, ಅದು ಸಾಕ್ಷಿಯಲ್ಲ, ನಮ್ಮೂರಿನ ಅಭ್ಯಾಸ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟು ಹೊತ್ತಿಗೆ ತಂಡದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು, ಅಣ್ಣ ಎಲ್ಲರ ಅಡಿಯಲ್ಲಿದ್ದ. ಏಳು ತಿಂಗಳ ನಂತರ ಅವನ ನಗು ಕೇಳಿದೆ. ತಲೆ ತಗ್ಗಿಸಿ ನೋಡಿದರೆ ಪುಸ್ತಕದ ಕೊನೆಯ ಚೌಕದಲ್ಲಿ ನನ್ನ ಅಕ್ಷರದಲ್ಲಿ ಒಂಬತ್ತು ಎಂದಿತ್ತು. ಅದನ್ನು ಯಾವಾಗ ಬರೆದೆನೋ ಗೊತ್ತಿಲ್ಲ.

ಸೈಕಲ್ಲುಗಳನ್ನು ತಳ್ಳಿಕೊಂಡು ಮನೆಗೆ ಹೋಗುವಾಗ ಯಾರು ಹಿಡಿದದ್ದು ಎಂದು ಕೇಳಿದೆ.

“ನಡುವ ನಿಂತಿದ್ನಲ್ಲ, ಅವ,” ಎಂದ ಅಣ್ಣ. “ಹಿಡದು ನನ್ನ ಕಡೆ ಒಗದ. ಯಾಕ, ನೀ ಏನ ಬರದೀ?”

“ಒಂಬತ್ತು.”

ಅಣ್ಣ ಸೈಕಲ್ ನಿಲ್ಲಿಸಿದ. “ತಂಗೆವ್ವಾ, ಅಪ್ಪ ಇದ್ದಿದ್ರ ಕಿವಿ ಹಿಂಡತಿದ್ರು,” ಎಂದು ನಗಲು ನೋಡಿದ. ಆ ಸಂಜೆ ಅವನೇ ದೀಪ ಹಾಕಿದ, ಅವನೇ ಅನ್ನಕ್ಕಿಟ್ಟ.

ಮುಂದಿನ ವಾರ ಅಭ್ಯಾಸದ ದಿನ, ನಡುವೆ ನಿಲ್ಲುತ್ತಿದ್ದ ರಸಾಯನಶಾಸ್ತ್ರದ ಸಂಶೋಧಕ ನನ್ನ ಬಳಿ ಬಂದು ಅಣ್ಣನನ್ನು ಹೊಗಳಿದ. ಆ ಮಂಜಿನಲ್ಲಿ ಹಿಂದಕ್ಕೆ ಓಡಿ ಅಂಥ ಕ್ಯಾಚ್ ಹಿಡಿಯುವುದು ಸಾಮಾನ್ಯವಲ್ಲ, ತಾನು ಮಾತ್ರ ಕಾಲು ಜಾರಿ ಕೆಸರಿನಲ್ಲಿ ಕೂತಿದ್ದೆ ಎಂದ. ಅವನು ಸುಳ್ಳು ಹೇಳುವ ಜಾತಿಯವನಲ್ಲ. ಅದೇ ದಿನ ಬಲ ಮೂಲೆಯ ಹುಲ್ಲಿನಲ್ಲಿ ಒಂದು ಒದ್ದೆ ಚೆಂಡು ಸಿಕ್ಕಿತು. ಅಭ್ಯಾಸದಲ್ಲಿ ಕಳೆದ ಚೆಂಡುಗಳು ಅಲ್ಲಿ ಸಿಗುತ್ತಲೇ ಇರುತ್ತಿದ್ದವು. ಮೊದಲ ಬೇಸಿನಲ್ಲಿ ನಿಲ್ಲುವವರು ಅಭ್ಯಾಸದ ಚೆಂಡೊಂದನ್ನು ಹಿಂದಿನ ಜೇಬಿನಲ್ಲಿ ಮರೆಯುವುದೂ ಇತ್ತು. ಅಂಥ ಚೆಂಡನ್ನು ಅಣ್ಣ ಎಷ್ಟೋ ಸಲ ಮನೆಗೇ ತಂದಿದ್ದಾನೆ. ಗ್ಲೌಸಿಗೆ ಎರಡು ಸಲ ಗುದ್ದುವುದು ಹೇಗೆಂದು ಅವನಿಗೂ ಗೊತ್ತಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಒಂದು ಸಣ್ಣ ಮೋಸದ ಕತೆ. ಅಣ್ಣ ಜೇಬಿನ ಚೆಂಡನ್ನು ಎತ್ತಿ ತೋರಿಸಿದ, ನಾನು ಕೈ ಎತ್ತಿ ಅದನ್ನು ಖಾಯಂ ಮಾಡಿದೆ. ಆದರೆ ದಿನಚರಿಯಲ್ಲಿ ಆ ರಾತ್ರಿಯ ಪುಟದ ಕೊನೆಗೆ ಒಂದು ಸಾಲಿದೆ: ‘ಪುಸ್ತಕ ಇಡಲು ಶೆಡ್ಡಿಗೆ ಹೋದೆ. ಮೊಳೆಯ ಮೇಲಿನ ಗ್ಲೌಸು ಒದ್ದೆಯಾಗಿತ್ತು, ಒಳಗೆ ಬೆಚ್ಚಗಿತ್ತು.’ ಒದ್ದೆ ಸರಿ, ಶೆಡ್ಡಿನ ಬಾಗಿಲು ತೆರೆದೇ ಇತ್ತು, ಮಂಜಿಗೆ ಎಲ್ಲವೂ ಒದ್ದೆ. ಬೆಚ್ಚಗಿನದು ಹೇಗೆ? ನಾನು ಅದರೊಳಗೆ ಕೈ ಹಾಕಿದ ನೆನಪೇ ನನಗಿಲ್ಲ. ನೆನಪಿನಲ್ಲಿ ನಾನು ಶೆಡ್ಡಿನ ಹೊಸ್ತಿಲಲ್ಲೇ ನಿಂತಿದ್ದೇನೆ, ಪುಸ್ತಕವನ್ನು ಕೈಚಾಚಿ ಒಳಗಿಟ್ಟು ಬಂದಿದ್ದೇನೆ. ಯಾವುದನ್ನು ನಂಬಬೇಕೋ ತಿಳಿಯದ ಜಾಗ ಇದೇ. ಮಾಡಿದ್ದಕ್ಕೆ ಒಂದು ಪಾರಾಗುವ ದಾರಿ ಇರಲಿ ಎಂದು ಆ ರಾತ್ರಿಯೇ ಆ ಸಾಲನ್ನು ಸೃಷ್ಟಿಸಿ ಬರೆದೆನೇ? ಕಣ್ಣಿಗೆ ಕಾಣದ ಒಂಬತ್ತನ್ನು ಬರೆದ ಕೈಯೇ ಅಲ್ಲವೇ ಅದು?

ತಂಡ ಉಳಿಯಿತು. ಆ ವರ್ಷ ಇನ್ನೂ ಕೆಲವು ಪಂದ್ಯ ಗೆದ್ದರು. ಬೇಸಿಗೆಯ ಕೊನೆಗೆ ತಂಡದ ಒಬ್ಬರ ಪರಿಚಯದಿಂದಲೇ ಅಣ್ಣನಿಗೆ ಮಾಲ್ಮೋದಲ್ಲಿ ಕೆಲಸ ಸಿಕ್ಕಿತು. ಆ ಸೋಫಾವನ್ನು ನಾವಿಬ್ಬರೇ ಹೊತ್ತು ಮೆಟ್ಟಿಲಿಳಿಸಿ ಬೇರೆಯವರಿಗೆ ಕೊಟ್ಟೆವು. ಆ ಸಂಜೆಯ ಮಾತನ್ನು ನಾನು ಬೇಕೆಂದೇ ಎತ್ತಲಿಲ್ಲ. ಗೆದ್ದದ್ದು ತಂಡ ಮಾತ್ರವಲ್ಲ ಎಂದು ನನಗೆ ಗೊತ್ತಿತ್ತು.

ಎರಡೋ ಮೂರೋ ವರ್ಷದ ಮೇಲೆ ಮಾಲ್ಮೋದ ನಿಲ್ದಾಣದಲ್ಲಿ, ನನ್ನ ರೈಲಿಗೆ ಕಾಯುತ್ತ ಕೂತಿದ್ದಾಗ, ಅವನೇ ಅದನ್ನು ತೆಗೆದ. ನನ್ನ ಕಡೆ ನೋಡದೆ, “ನೀ ಕೈ ಎತ್ತಿದ್ದಿ. ನಿನಗ ಯಾರೋ ಕಂಡಿರಬೇಕು ಅನಕೊಂಡೆ,” ಎಂದ. ಅವನ ದನಿಯಲ್ಲಿ ಆಸೆಯಿತ್ತೋ ಭಯವಿತ್ತೋ ನನಗೆ ತಿಳಿಯಲಿಲ್ಲ. ಕಂಡಿಲ್ಲ ಎಂದೆ. ಅವನು ತಲೆಯಾಡಿಸಿದ. ಆಗ ನಾನು ಕೇಳಿದೆ. ರೈಲು ಬಂತು, ಅವನು ನನ್ನ ಚೀಲ ಎತ್ತಿಕೊಟ್ಟ, ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ, ಮನೆ, ಅಡುಗೆ, ಹವೆ. ಆ ದಿನ ನಾನು ಕೇಳಿದ್ದು ಇಷ್ಟೇ:

“ಅಣ್ಣಾ, ಆ ಮಂಜಿನ್ಯಾಗ ನಿನ್ನ ಕೈಗೆ ಚೆಂಡು ಕೊಟ್ಟವರ ಯಾರು?”