ಊಟದ ಹೊತ್ತಿನ ಬಾಡಿಗೆ

2004ರಲ್ಲಿ ನಾನು ಮುಧೋಳ ತಾಲೂಕಿನ ನಮ್ಮೂರಿನಲ್ಲಿ ಸ್ವಂತ ಟ್ರ್ಯಾಕ್ಟರಿನಿಂದ ಬಾಡಿಗೆ ಉಳುಮೆ ಮಾಡುತ್ತಿದ್ದೆ. ಮಾಲಕ, ಡ್ರೈವರ್, ಕ್ಲೀನರ್ ಮೂವರೂ ನಾನೇ. ಕುರಿ ಕಾಯ್ದುಕೊಂಡು ಬಂದ ಮನೆತನ ನಮ್ಮದು. ದಿನವಿಡೀ ಒಬ್ಬನೇ ಇರುವುದು ರಕ್ತದಲ್ಲೇ ಇದೆ ಎಂದುಕೊಂಡಿದ್ದೆ. ಹಾಗಲ್ಲವೆಂದು ತಿಳಿದದ್ದು ದರ ಬದಲಿಸಿದ ವರ್ಷ.

ಆಗ ಉಳುಮೆಯ ದರವೆಲ್ಲ ಎಕರೆ ಲೆಕ್ಕ. ಮಣ್ಣನ್ನು ಆಳದಿಂದ ಮಗುಚುವ ಪಲ್ಟಿ ನೇಗಿಲಿಗೆ ಎಕರೆಗೆ ಆರುನೂರು; ಮಡ್ಡಿಯ ಹಗುರ ನೆಲವಾದರೂ ಅಷ್ಟೇ, ಎರೆಯ ಕಪ್ಪು ನೆಲವಾದರೂ ಅಷ್ಟೇ. ಹಗುರ ನೆಲದಲ್ಲಿ ಎಕರೆ ಎರಡು ಗಂಟೆಗೆ ಮುಗಿಯುತ್ತದೆ. ಕಬ್ಬು ಕಡಿದ ಹೊಲದಲ್ಲಿ ಬುಡಗಳು ನೇಗಿಲಿಗೆ ಸಿಕ್ಕಿ ಮೂರೂವರೆ ಗಂಟೆ ತಿನ್ನುತ್ತದೆ. ಡೀಸೆಲ್, ಆಯಿಲ್, ಟಾಯರಿನ ಸವಕಳಿ ಕಳೆದರೆ ಅಲ್ಲಿ ನನ್ನ ಕೂಲಿಯೂ ಹುಟ್ಟುತ್ತಿರಲಿಲ್ಲ. ನಮ್ಮಲ್ಲಿ ಕಬ್ಬೇ ಹೆಚ್ಚು. ಹೀಗೇ ನಡೆದರೆ ಟಾಯರ್ ಸವೆದ ದಿನ ಗಾಡಿ ಮಾರಬೇಕಿತ್ತು.

ಅದಕ್ಕೇ ಗಂಟೆಗೆ ಮುನ್ನೂರು ಎಂದು ಸಾರಿದೆ. ಹಗುರ ನೆಲದವನಿಗೆ ಮೊದಲಿನಷ್ಟೇ, ಕಬ್ಬಿನವನಿಗೆ ಹೆಚ್ಚು. ಲೆಕ್ಕಕ್ಕೆ ಸ್ಟೇರಿಂಗಿನ ಮುಂದೆ ಅವರ್ ಮೀಟರ್ ಇತ್ತು. ಇಂಜಿನ್ ಎಷ್ಟು ಹೊತ್ತು ಓಡಿತೆಂದು ಅದು ತೋರಿಸುತ್ತದೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಜನ ನಕ್ಕರು. ನಗಲಿ ಬಿಡು, ನೇಗಿಲು ಹಿಡಿದವನು ನಾನು ತಾನೇ?

ಎಕರೆ ಲೆಕ್ಕ ಇದ್ದಾಗ ಒಂದು ಪದ್ಧತಿ ಇತ್ತು. ಯಾರ ಹೊಲದಲ್ಲಿ ಕೆಲಸವೋ ಅವರದೇ ಬುತ್ತಿ. ಮಧ್ಯಾಹ್ನ ಬದುವಿನ ಮೇಲೆ ಬುತ್ತಿಗಂಟು ಕಂಡರೆ ನಾನು ಇಳಿಯಬೇಕು, ಎಲ್ಲರೂ ಕೂಡಿ ಉಣ್ಣಬೇಕು. ಇದನ್ನು ಯಾರೂ ದರದಲ್ಲಿ ಸೇರಿಸಿರಲಿಲ್ಲ, ನಾನೂ ಸೇರಿಸಲಿಲ್ಲ.

ಹೊಸ ದರದ ಮೊದಲ ಕೆಲಸ ಸಿದ್ದಪ್ಪನದು. ಒಂದೇ ಬೆಂಚಿನಲ್ಲಿ ಕುಳಿತು ಸಾಲಿ ಕಲಿತ ದೋಸ್ತ. ಘಟಪ್ರಭೆಯ ದಂಡೆಗೆ ಅವನ ಕಬ್ಬಿನ ಹೊಲ. "ಆತು, ಗಂಟಿ ಲೆಕ್ಕಾನ ಮಾಡು" ಎಂದಿದ್ದ. ಅವನ ಹೊಲವೆಂದು ನಾನು ಮನೆಯಿಂದ ಬುತ್ತಿ ಒಯ್ದಿರಲಿಲ್ಲ.

ಮಧ್ಯಾಹ್ನ ಅವನ ಹೆಂಡತಿ ಗೌರವ್ವ ಬುತ್ತಿ ತಂದಳು. ನಾನು ವೇಗ ತಗ್ಗಿಸಿದೆ. ಸಿದ್ದಪ್ಪ ಕೈಗಡಿಯಾರ ನೋಡಿ, 'ಹೊಡಿ, ಹೊಡಿ' ಎಂದು ಕೈ ಬೀಸಿದ. ಹೊಡೆದೆ. ಸಾಲಿನ ಕೊನೆಗೆ ಬಂದು ತಿರುಗಿದಾಗಲೆಲ್ಲ ಬೇವಿನ ಗಿಡದ ಕೆಳಗೆ ಗಂಡ ಹೆಂಡತಿ ರೊಟ್ಟಿ ಮುರಿಯುವುದು ಕಾಣುತ್ತಿತ್ತು. ಇಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಹಸಿವಿನ ಮಾತಲ್ಲ, ಉಪವಾಸ ಎಷ್ಟೋ ದಿನ ಗಾಡಿ ಓಡಿಸಿದವನು ನಾನು. ಆ ದಿನ ಮಾತ್ರ ಕಣ್ಣು ತುಂಬಿ ಬಂತು. ಇಂಜಿನ್ನಿನ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ, ಅದೊಂದು ಅನುಕೂಲ.

ಕೆಲಸ ಮುಗಿದಾಗ ಸಿದ್ದಪ್ಪ ಮೀಟರ್ ನೋಡಿ ಪೂರ್ತಿ ಹಣ ಕೊಟ್ಟ. ಚೌಕಾಸಿ ಮಾಡಲಿಲ್ಲ, ಬೈಯಲೂ ಇಲ್ಲ. ಅದು ಇನ್ನೂ ಚುಚ್ಚಿತು. ತಡೆಯದೆ ಕೇಳಿದೆ: "ಯಾಕಲೇ, ಊಟಕ್ಕ ಕರೀಲೇ ಇಲ್ಲ?"

"ನೀ ಉಣ್ಣಾಕ ಕುಂತ್ರ ಆ ಮೀಟರ್ ಸುಮ್ನ ಇರತೈತೇನು?"

"ಇಂಜಿನ್ ಬಂದ್ ಮಾಡಿದ್ರ ಅದೂ ನಿಲ್ಲತೈತಲೇ."

ಅವನು ಬಗ್ಗಿ ಮೀಟರನ್ನು ಮತ್ತೊಮ್ಮೆ ನೋಡಿದ. "ಮೊದಲ ಹೇಳಬಾರದೇನೋ ಬೀರ್ಯಾ? ಕುಂತ್ರೂ ಗಂಟಿ, ನಿಂತ್ರೂ ಗಂಟಿ ಅಂತ ತಿಳಕೊಂಡಿದ್ದೆ."

ಗೌರವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಿಮಗ ರೊಟ್ಟಿ ಕೊಟ್ಟು, ಮ್ಯಾಲ ಉಂಡ ಹೊತ್ತಿಗೂ ಬಾಡಿಗಿ ಕೊಡೂದು ಹೆಂಗರಿ ಅಣ್ಣಾರ?" ಎನ್ನುತ್ತಾ ಬುತ್ತಿಗಂಟು ಬಿಚ್ಚಿದಳು.

ಬುತ್ತಿಯಲ್ಲಿ ಎರಡು ರೊಟ್ಟಿ ಉಳಿದಿದ್ದವು. ನನ್ನ ಪಾಲನ್ನು ಕಟ್ಟಿಕೊಂಡೇ ಬಂದಿದ್ದಳು.

ಅಂದಿನಿಂದ ದರದ ಜೊತೆಗೆ ಇನ್ನೊಂದು ಮಾತನ್ನೂ ಹೇಳತೊಡಗಿದೆ: "ಊಟದ ಹೊತ್ತಿಗಿ ಇಂಜಿನ್ ಬಂದ್ ಇರತೈತ್ರಿ. ಆ ಹೊತ್ತಿಗಿ ಬಾಡಿಗಿಲ್ಲ." ಕೆಲವರು ಕರೆದರು, ಕೆಲವರು ಕರೆಯಲಿಲ್ಲ. ಗಂಟೆ ಲೆಕ್ಕ ಉಳಿಯಿತು, ಗಾಡಿಯೂ ಉಳಿಯಿತು. ಬರಬರುತ್ತಾ ಎಲ್ಲ ಟ್ರ್ಯಾಕ್ಟರಿನವರೂ ಗಂಟೆ ಲೆಕ್ಕಕ್ಕೇ ಬಂದರು, ಡ್ರೈವರುಗಳು ಡಬ್ಬಿ ಕಟ್ಟಿಕೊಂಡು ಹೋಗತೊಡಗಿದರು, ಕೂಡಿ ಉಣ್ಣುವ ಪದ್ಧತಿಯೇ ಹೋಯಿತು. ದರ ಕಟ್ಟುವವನು ಯಾವುದಕ್ಕೆ ಹಣ ಎಂದು ಹೇಳಿದರೆ ಸಾಲದು, ಯಾವುದಕ್ಕೆ ಹಣವಿಲ್ಲ ಎಂಬುದನ್ನೂ ಮೊದಲೇ ಹೇಳಬೇಕು. ಈ ಕಸುಬು ನನಗೆ ಕಲಿಸಿದ್ದು ಇದೊಂದೇ.

ಕೆಲವು ವರ್ಷಗಳ ನಂತರ ಸಿದ್ದಪ್ಪನೂ ಟ್ರ್ಯಾಕ್ಟರ್ ಕೊಂಡು ಬಾಡಿಗೆಗೆ ಇಳಿದ. ಆಮೇಲೆ ನಾವು ಭೇಟಿಯಾಗುವುದೇ ಅಪರೂಪವಾಯಿತು. ಒಂದು ಮಧ್ಯಾಹ್ನ ಹಳ್ಳದ ಈಚೆ ನಾನು ಇಂಜಿನ್ ನಿಲ್ಲಿಸಿ ಡಬ್ಬಿ ಬಿಚ್ಚಿದೆ. ಆಚೆ ದಂಡೆಯಲ್ಲಿ ಓಡುತ್ತಿದ್ದ ಗಾಡಿಯೂ ನಿಂತಿತು. ಅವನೇ. ಹಳ್ಳ ತುಂಬಿ ಹರಿಯುತ್ತಿತ್ತು, ದಾಟುವ ಹಾಗಿರಲಿಲ್ಲ. ಅವನು ತನ್ನ ಡಬ್ಬಿ ಎತ್ತಿ ಹಿಡಿದು ಕೂಗಿದ: "ಉಣ್ಣೂಣ ಬಾರಲೇ!"

"ನೀ ಉಣ್ಣಲೇ, ನಾನೂ ಉಣ್ಣತೇನಿ!" ಎಂದೆ. ಒಬ್ಬರನ್ನೊಬ್ಬರು ನೋಡುತ್ತಾ ಇಬ್ಬರೂ ಉಂಡೆವು.