ಕ್ಯಾರವಾನಿನ ಎಸಿಯೂ ಅಡುಗೆಯ ಸಂಜೀವಣ್ಣನೂ

ಭಾವನ ಕ್ಯಾರವಾನಿನ ಎಸಿ ಐದನೇ ಸಲ ನಿಂತಾಗ ನಾನು ಅದರ ಮುಚ್ಚಳ ಬಿಚ್ಚಿ, ಸ್ಕ್ರೂಡ್ರೈವರ್ ಹಿಡಿದು ಬೆವರುತ್ತಾ ನಿಂತಿದ್ದೆ. ನರಿಕೊಂಬಿನ ಅವರ ಮನೆಯಲ್ಲಿ ಮಗಳ ನಿಶ್ಚಿತಾರ್ಥ. ಕರೆಂಟ್ ಬೆಳಿಗ್ಗೆಯೇ ಹೋಗಿತ್ತು. ಹಾಸಿಗೆ, ಫ್ರಿಜ್ಜು ಎಲ್ಲ ಇರುವ ಆ ವಾಹನವನ್ನು ದುಬೈಯಿಂದ ಬಂದ ಭಾವ ಅಂಗಳದಲ್ಲಿ ನಿಲ್ಲಿಸಿ, ಉಸಿರಾಟದ ತೊಂದರೆಯಿದ್ದ ತಮ್ಮ ತಾಯಿಯನ್ನು ಒಳಗೆ ಮಲಗಿಸಿದ್ದರು. ಅದರ ಜನರೇಟರ್ ಓಡುತ್ತಲೇ ಇತ್ತು. ಎಸಿ ಮಾತ್ರ ಶುರುವಾಗುವುದು, ನಿಲ್ಲುವುದು. ಮುದುಕಿ ಏದುಸಿರು ಬಿಡುತ್ತಿದ್ದರು.

"ಗ್ಯಾಸ್ ಲೀಕ್" ಎಂದ ವಿಡಿಯೊ ಕಾಲ್‌ನಲ್ಲಿದ್ದ ಭಾವನ ದುಬೈ ಗೆಳೆಯ. "ಬೋರ್ಡ್ ಹೋಗಿದೆ" ಎಂದ ಫೋನಿನಲ್ಲಿ, ವಾಹನ ಮಾರಿದವನು. ತೋಡಾರಿನಲ್ಲಿ ಇಪ್ಪತ್ತು ವರ್ಷಗಳಿಂದ ಎಸಿ ರಿಪೇರಿ ಮಾಡುವ ನಾನೂ ನಾಚಿಕೆಯಿಲ್ಲದೆ "ಕಂಪ್ರೆಸರ್" ಎಂದೆ.

ಅಡುಗೆಯ ಸಂಜೀವಣ್ಣ ಕೈ ಒರೆಸುತ್ತಾ ಬಂದರು. "ನಾನು ಕಾಯಿ ಕಡೆಯಲಿಕ್ಕೆ ಗ್ರೈಂಡರ್ ಹಾಕಿದಾಗೆಲ್ಲ ಅದು ನಿಲ್ತದೆ ಮಾರಾಯ್ರೆ. ಬೆಳಿಗ್ಗೆಯಿಂದ ನೋಡ್ತಾ ಇದ್ದೇನೆ."

"ಹೇಳ್ಬಾರದಿತ್ತಾ ಸಂಜೀವಣ್ಣ?" ಎಂದೆ.

"ನನ್ನ ಹತ್ರ ಯಾರು ಕೇಳಿದ್ದಾರೆ?"

ಆ ಸಣ್ಣ ಜನರೇಟರಿನಿಂದ ಅಡುಗೆಗೂ ವಯರ್ ಎಳೆಸಿದ್ದು ಸ್ವತಃ ಭಾವನೇ, ನೆಂಟರ ಮುಂದೆ ದೊಡ್ಡಸ್ತಿಕೆ ತೋರಿಸಲು. ಎಸಿ, ಗ್ರೈಂಡರ್ ಎರಡನ್ನೂ ಒಟ್ಟಿಗೆ ಓಡಿಸುವ ಶಕ್ತಿ ಅದಕ್ಕಿರಲಿಲ್ಲ. ಗ್ರೈಂಡರಿನ ವಯರ್ ಕಿತ್ತೆ. ಎಸಿ ನಿಲ್ಲದೆ ಓಡಿತು. ಉಳಿದ ಕಾಯಿಯನ್ನು ಸಂಜೀವಣ್ಣ ಅರೆಯುವ ಕಲ್ಲಿನಲ್ಲಿ ಕಡೆದರು. ಊಟದ ಪಂಕ್ತಿಯಲ್ಲಿ ಭಾವ, "ಲೋಡ್ ಜಾಸ್ತಿ ಅಂತ ನನಗೆ ಮೊದಲೇ ಡೌಟ್ ಇತ್ತು" ಎನ್ನುತ್ತಿದ್ದರು. ಸಂಜೀವಣ್ಣ ಅವರ ಎಲೆಗೆ ಸಾರು ಬಡಿಸಿ ಮುಂದೆ ಹೋದರು.

ಈಗ ರಿಪೇರಿಗೆ ಹೋದಲ್ಲೆಲ್ಲ ನಾನು ಮೊದಲು ಅಡುಗೆಮನೆಗೆ ಹೋಗಿ ವಿಚಾರಿಸುತ್ತೇನೆ. ನನಗೆ ಚಹಾದ ಚಟ ಎಂದು ಯಜಮಾನರು ನಗುತ್ತಾರೆ.